ಕೂಟದ ಕಿವಿ

“ಕಣ್ಮುಚ್ಚಿ ಸಾರ್, ಕಣ್ಮುಚ್ಚಿದ್ರೇನೇ ಗೊತ್ತಾಗೋದು,” ಎಂದ ಅಂಗಡಿಯ ಮರಿಸ್ವಾಮಿ. ನಾಗೇಂದ್ರ ಕಣ್ಣು ಮುಚ್ಚಿದ, ಮುಚ್ಚಿದ ಕೂಡಲೇ ದಿಗಿಲಾಯಿತು. ತೆರೆದಿದ್ದಾಗ ಎದುರಿಗೆ ಎರಡು ಸ್ಪೀಕರುಗಳಾದರೂ ಕಾಣುತ್ತಿದ್ದವು, ಪಿಟೀಲು ಯಾವ ಕಡೆಯದೆಂದು ಊಹಿಸುವುದಕ್ಕೆ ಮರಿಸ್ವಾಮಿಯ ಮುಖವಾದರೂ ಇತ್ತು. ಈಗ ಹಾಡು, ಪಿಟೀಲು, ಮೃದಂಗ, ಹೊರಗೆ ರಸ್ತೆಯಲ್ಲಿ ಹೋಗುವ ಬಸ್ಸಿನ ಹಾರನ್ನು ಎಲ್ಲವೂ ಒಂದೇ ಕಡೆಯಿಂದ ಬಂದು ತಲೆಯ ಬಲಭಾಗದಲ್ಲಿ ಗುಂಪುಗೂಡಿ ನಿಂತವು. ಎಡಭಾಗದಲ್ಲಿ ಯಾರೂ ಇರಲಿಲ್ಲ. ನಾಗೇಂದ್ರನ ಎಡಗಿವಿ ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ನಿಂತುಹೋಗಿತ್ತು. ಆಫೀಸಿನಲ್ಲಿ ಆಡಿಟ್ ನಡೆಯುತ್ತಿದ್ದುದರಿಂದ ಮೂರು ವಾರ ಬಿಟ್ಟು ಡಾಕ್ಟರ ಹತ್ತಿರ ಹೋದ. ನರ ಹೋಗಿದೆ, ಮೂರು ದಿನದೊಳಗೆ ಬಂದಿದ್ದರೆ ನೋಡಬಹುದಿತ್ತು ಎಂದರು. ಅವರು ಬರೆದುಕೊಟ್ಟ ಚೀಟಿಯನ್ನು ಸ್ಕೂಟರಿನ ಸೀಟಿನ ಕೆಳಗೆ, ಮಳೆ ಕೋಟಿನ ಮಡಿಕೆಯಲ್ಲಿ ಇಟ್ಟವನು ಹೆಂಡತಿಗೂ ಹೇಳಿಲ್ಲ. ಅಂಥವನು ಈಗ ಎರಡು ಕಿವಿಗೂ ಬೇರೆ ಬೇರೆಯಾಗಿ ಹಾಡಿಸುವ ಸ್ಟೀರಿಯೋ ರಿಸೀವರನ್ನು ಕೊಳ್ಳಲು ಬಂದು ಕೂತಿದ್ದ. ನೋಡಿದರೆ ಹುಚ್ಚು ಅನ್ನಿಸುತ್ತದೆ. ಆದರೆ ನಾಗೇಂದ್ರ ಇದನ್ನು ನಾಲ್ಕು ತಿಂಗಳು ಯೋಚಿಸಿದ್ದ: ಮನೆಯಲ್ಲಿ ಸ್ಟೀರಿಯೋ ಇಟ್ಟುಕೊಂಡವನಿಗೆ ಒಂದು ಕಿವಿ ಕೇಳಿಸುವುದಿಲ್ಲವೆಂದು ಯಾರು ತಾನೇ ಅನುಮಾನಪಡುತ್ತಾರೆ?

“ಎಡಗಡೆ ಹೆಂಗಿದೆ ಸಾರ್?” ಮರಿಸ್ವಾಮಿ ಕೇಳಿದ. ನಾಗೇಂದ್ರ ಹುಬ್ಬು ಗಂಟಿಕ್ಕಿ, “ಸ್ವಲ್ಪ ಒಣಗಿದೆ,” ಎಂದ. ಮರಿಸ್ವಾಮಿ ಗಾಬರಿಯಾಗಿ ಎದ್ದು ಹೋಗಿ ಎಡಗಡೆಯ ಸ್ಪೀಕರಿನ ತಂತಿಯನ್ನು ಬಿಚ್ಚಿ, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದ. “ಈಗ?” “ಈಗ ಪರವಾಗಿಲ್ಲ.” “ಅಬ್ಬಾ, ಏನ್ ಕಿವಿ ಸಾರ್ ನಿಮ್ದು! ನಂಗೆ ಗೊತ್ತೇ ಆಗಿರ್ಲಿಲ್ಲ ನೋಡಿ.” ಈ ಶಬ್ದಗಳನ್ನೆಲ್ಲ ನಾಗೇಂದ್ರ ಇಂಟರ್ನೆಟ್ಟಿನಲ್ಲಿ ಕಲಿತಿದ್ದ. ಒಣಗಿದ ಸದ್ದು, ಬೆಚ್ಚನೆಯ ಸದ್ದು, ಗಾಳಿಯಾಡುವ ಸದ್ದು, ಮೈಕೈ ತುಂಬಿಕೊಂಡ ಸದ್ದು. ಯಾವುದೋ ದೇಶದಲ್ಲಿ ನೆಲಮಾಳಿಗೆಯೊಳಗೆ ಕೂತ ದಾಡಿಯವನೊಬ್ಬ ಒಂದೊಂದು ರಿಸೀವರಿನ ಮುಂದೆಯೂ ಅರ್ಧ ಗಂಟೆ ಮಾತಾಡುತ್ತಿದ್ದ. ಆ ವಿಡಿಯೋದ ಕೆಳಗೆ ಇನ್ನೂರು ಜನ ಬರೆದು ಜಗಳವಾಡುತ್ತಿದ್ದರು. ಇದನ್ನು ತಂದ ಮೇಲೆ ಮನೆಯ ಬೆಕ್ಕು ಕೂಡ ಬಂದು ಕೂತು ಕೇಳುತ್ತದೆಂದು ಒಬ್ಬ ಬರೆದಿದ್ದ. ಆಫೀಸಿನಲ್ಲಿ ಫೈಲಿನ ಮರೆಯಲ್ಲಿ ಫೋನಿಟ್ಟುಕೊಂಡು ನಾಗೇಂದ್ರ ಅದನ್ನೆಲ್ಲ ಓದಿದ. “ಇನ್ನೆಷ್ಟು ದಿನ ರೀ ವಿಚಾರಿಸ್ತೀರಾ? ನನ್ನ ನೋಡಕ್ಕೆ ಬಂದಾಗ ಒಂದು ಲೋಟ ಕಾಫಿ ಕುಡಿಯೋದ್ರೊಳಗೆ ಒಪ್ಕೊಂಡ್ರಲ್ಲ,” ಎಂದು ಹೆಂಡತಿ ಅನುಪಮಾ ಕೇಳಿದ್ದಳು.

ಮರಿಸ್ವಾಮಿ ಮೇಜಿನ ಮೇಲಿಟ್ಟಿದ್ದ ಮೂರು ರಿಸೀವರುಗಳೂ ಮೂವತ್ತು ಸಾವಿರದೊಳಗಿನವು. ಮೊದಲನೆಯದಕ್ಕೆ ಎಷ್ಟು ದೀಪಗಳಿದ್ದವೆಂದರೆ ದಸರಾಕ್ಕೆ ಬೇರೆ ಅಲಂಕಾರ ಬೇಡ. ಎರಡನೆಯದಕ್ಕೆ ಒಂದು ಗುಂಡಿಯೂ ಇರಲಿಲ್ಲ. ಎಲ್ಲವನ್ನೂ ಫೋನಿನಲ್ಲೇ ಮಾಡಬೇಕು. ಮೂರನೆಯದು ಬೆಳ್ಳಿ ಬಣ್ಣದ ಮುಖದ್ದು, ಸಾಲಾಗಿ ನಾಲ್ಕು ಗುಂಡಿ: ವಾಲ್ಯೂಮ್, ಬಾಸ್, ಟ್ರೆಬಲ್, ಬ್ಯಾಲೆನ್ಸ್. ತಿರುಗಿಸಿದರೆ ಬೆರಳಿಗೆ ಸಣ್ಣಗೆ ಕಟಕಟ ಎನ್ನುವುದು ತಿಳಿಯುತ್ತಿತ್ತು. ನಾಗೇಂದ್ರನ ಅಪ್ಪ ಮೂಗಯ್ಯ ಮೈಕ್‌ಸೆಟ್ಟಿನವನು. ಮದುವೆ, ತಿಥಿ, ಚುನಾವಣೆ, ಯಾವುದಾದರೂ ಸರಿ, ತೆಂಗಿನ ಮರ ಹತ್ತಿ ಕಹಳೆಯಂಥ ಹಾರನ್ನು ಕಟ್ಟಿ ಇಳಿದುಬಂದು ಆಂಪ್ಲಿಫೈಯರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎರಡು ಬೆರಳಲ್ಲಿ ಗುಂಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ ತಲೆಯೆತ್ತಿ ಮರ ನೋಡುತ್ತಿದ್ದ. ಅಪ್ಪನ ಪೆಟ್ಟಿಗೆಗೆ ಎಡ ಬಲ ಎನ್ನುವುದಿರಲಿಲ್ಲ, ಇಡೀ ಊರಿಗೆ ಒಂದೇ ಸದ್ದು. ನಾಗೇಂದ್ರ ಬೆಳ್ಳಿ ಮುಖದ ರಿಸೀವರನ್ನು ಆರಿಸಿಕೊಂಡ. ಯಾಕೆಂದು ಮರಿಸ್ವಾಮಿ ಕೇಳಿದಾಗ, “ಮಧ್ಯದ ಸ್ವರಗಳಲ್ಲಿ ಒಂದು ಪ್ರಾಮಾಣಿಕತೆ ಇದೆ,” ಎಂದ. ಹೇಳುವಾಗ ಬಾಯಲ್ಲಿ ಏನೋ ಕಹಿಯಾಯಿತು.

ಇದೆಲ್ಲ ಭಾನುವಾರದ ಕೂಟಕ್ಕಾಗಿ. ಕೃಷ್ಣಮೂರ್ತಿಪುರಂನಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಏಕಾಂತಯ್ಯನವರ ಮನೆಯ ಹಾಲಿನಲ್ಲಿ ಪ್ರತಿ ಭಾನುವಾರ ಸಂಜೆ ನಾಲ್ಕು ಜನ ಸೇರಿ ಸಂಗೀತ ಕೇಳುತ್ತಾರೆ: ಏಕಾಂತಯ್ಯನವರು, ಪ್ರೆಸ್ ಇಟ್ಟಿರುವ ಯೋಗೇಂದ್ರ, ವಕೀಲ ನಾಗಾರ್ಜುನ, ಮತ್ತು ಮೂರು ವರ್ಷದಿಂದ ನಾಗೇಂದ್ರ. ಕೇಳುವುದಕ್ಕಿಂತ ಹೆಚ್ಚಾಗಿ ಬೈದಾಡುತ್ತಾರೆ. “ಏನ್ರೀ ಯೋಗೇಂದ್ರ, ಅದನ್ನ ಸ್ಪೀಕರ್ ಅಂತ ಯಾವ ಬಾಯಲ್ಲಿ ಕರೀತೀರಿ? ಹಾಲಿನ ಕ್ಯಾನಿನೊಳಗೆ ಭಾಗವತರನ್ನ ಕೂರಿಸಿದ ಹಾಗಿದೆ!” ಎಂದು ಏಕಾಂತಯ್ಯನವರು ಕೂಗಿದರೆ, ಯೋಗೇಂದ್ರ ಅಷ್ಟೇ ಜೋರಾಗಿ ಅವರ ರುಚಿಯನ್ನು ಹೀಯಾಳಿಸುತ್ತಾನೆ; ನಾಗಾರ್ಜುನನನ್ನು ಒಂದು ಸಲ ಅವರು ರಾಗ ತಪ್ಪು ಹೇಳಿದ್ದಕ್ಕೆ ಎಬ್ಬಿಸಿ ಬಾಗಿಲ ಹತ್ತಿರ ಕೂರಿಸಿದ್ದರು. ಯಾವುದಾದರೂ ಯಂತ್ರವನ್ನು ಪೂರ್ತಿ ಮಣ್ಣುಪಾಲು ಮಾಡಬೇಕಾದರೆ ಏಕಾಂತಯ್ಯನವರು ‘ಮೈಕ್‌ಸೆಟ್’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾಗೇಂದ್ರನೂ ನಗುತ್ತಾನೆ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಶುರುಮಾಡಿ ಒಂದು ಕ್ಷಣ ತಡವಾಗಿ ನಿಲ್ಲಿಸುತ್ತಾನೆ.

ನಾಗೇಂದ್ರನನ್ನು ಮಾತ್ರ ಯಾರೂ ಯಾವತ್ತೂ ಬೈದಿಲ್ಲ. ಅವನು ಮೊದಲ ದಿನ ಹೋದಾಗ ಏಕಾಂತಯ್ಯನವರ ರಿಸೀವರಿನಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಯಾರಿಗೂ ಕೇಳಿಸಿರಲಿಲ್ಲ. “ಸಾರ್, ಅರ್ತಿಂಗ್ ಸರಿಯಿಲ್ಲ,” ಎಂದಿದ್ದ; ತಂತಿ ಬಿಗಿ ಮಾಡಿದರು, ಗುಂಯ್ ನಿಂತಿತು. ಹಾರನ್ನಿನ ಕೆಳಗೆ ಬೆಳೆದ ಯಾವ ಹುಡುಗನಿಗೂ ಗೊತ್ತಿರುವ ವಿಷಯ ಅದು. ಆದರೆ ಕೂಟದವರು ದಂಗಾದರು, ಆವತ್ತಿನಿಂದ ಅವನಿಗೆ ‘ನಮ್ಮ ಕೂಟದ ಕಿವಿ’ ಎಂದೇ ಹೆಸರಾಯಿತು. ಎಲ್ಲಿ ಕಲಿತಿರಿ ಎಂದು ಕೇಳಿದಾಗ, “ಹಾಗೇ ಬಂತು ಸಾರ್,” ಎಂದುಬಿಟ್ಟ. ಅಪ್ಪ ಸತ್ತು ಹತ್ತು ವರ್ಷವಾಗಿತ್ತು, ಆದರೂ ಆವತ್ತು ಮನೆಗೆ ಹೋಗಿ ಅಪ್ಪನ ಫೋಟೋ ಕಡೆ ನೋಡಲಾಗಲಿಲ್ಲ. ‘ನಾಗೇಂದ್ರ ಅವರು ಹೇಳಿದ ಮೇಲೆ ಮುಗೀತು’, ‘ನಾಗೇಂದ್ರ ಅವರೇ, ತಾವೇ ಮೊದಲು ಹೇಳಬೇಕು’. ಮೊದಮೊದಲು ಸುಖವಾಗಿತ್ತು. ಆಮೇಲೆ ಗೊತ್ತಾಯಿತು: ಆ ಹಾಲಿನಲ್ಲಿ ಬೈಸಿಕೊಳ್ಳುವವರೇ ಒಳಗಿನವರು. ನಾಗೇಂದ್ರನ ಮಾತಿಗೆ ಎದುರಾಡದೆ ತಲೆಯಾಡಿಸುವುದಕ್ಕೆ ಅವನ ಕಿವಿಯೇ ಕಾರಣವೋ, ಅವನು ಯಾವ ಕೇರಿಯಿಂದ ಬಂದವನು ಎನ್ನುವುದು ಎಲ್ಲರಿಗೂ ಗೊತ್ತಿರುವುದೇ ಕಾರಣವೋ, ಎಷ್ಟು ಯೋಚಿಸಿದರೂ ಬಗೆಹರಿಯುತ್ತಿರಲಿಲ್ಲ. ಕೂಟ ಸರದಿಯ ಮೇಲೆ ಯೋಗೇಂದ್ರನ ಮನೆಗೆ, ನಾಗಾರ್ಜುನನ ಮನೆಗೆ ಹೋಗುತ್ತಿತ್ತು. ನಾಗೇಂದ್ರನ ಸರದಿ ಬಂದಾಗ ಮಾತ್ರ ಅವನ ಮನೆಯಿರುವ ಬೋಗಾದಿ ದೂರವಾಗುತ್ತಿತ್ತು. “ನಿಮಗ್ಯಾಕೆ ಸುಮ್ನೆ ತೊಂದರೆ,” ಎನ್ನುತ್ತಿದ್ದರು. ಅದೇ ನಾಗಾರ್ಜುನ ಬೋಗಾದಿಯಲ್ಲಿ ಎರಡು ಸೈಟು ನೋಡಿಕೊಂಡು ಬಂದಿದ್ದ. ಕೊನೆಗೆ ನಾಗೇಂದ್ರ ಒಂದು ಭಾನುವಾರ ಗಟ್ಟಿಯಾಗಿ, “ನಾಲ್ಕು ತಿಂಗಳು ಓದಿ ಹೊಸ ರಿಸೀವರ್ ತರ್ತಿದೀನಿ ಸಾರ್, ಮುಂದಿನ ಕೂಟ ನಮ್ಮನೇಲಿ,” ಎಂದುಬಿಟ್ಟ. ಅವರ ನಡುವೆ ಅವನದೆನ್ನುವ ಆಸ್ತಿ ಒಂದೇ, ಆ ಕಿವಿ. ಅದರಲ್ಲಿ ಅರ್ಧ ಹೋಗಿದೆಯೆಂದು ತಿಳಿದರೆ ಅಲ್ಲಿ ಕೂರಲು ಅವನಿಗೆ ಏನು ನೆಪ ಉಳಿಯುತ್ತದೆ?

ಕಿವಿಯಿಲ್ಲದೆ ಬದುಕುವ ಕಲೆಯನ್ನು ಅವನು ಎಂಟು ತಿಂಗಳಲ್ಲಿ ಚೆನ್ನಾಗಿ ರೂಢಿಸಿಕೊಂಡಿದ್ದ. ಆಫೀಸಿನಲ್ಲಿ ಅರ್ಜಿ ಹಿಡಿದು ಬರುವ ಜನ ಎಡಗಡೆ ನಿಲ್ಲುತ್ತಿದ್ದರೆಂದು ಮೇಜನ್ನೇ ತಿರುಗಿಸಿಕೊಂಡ. ಕೇಳಿದವರಿಗೆ ವಾಸ್ತು ಎಂದ. ಒಂದು ವಾರದಲ್ಲಿ ಪಕ್ಕದ ಮೇಜಿನವರೂ ತಿರುಗಿಸಿಕೊಂಡರು, ತಿಂಗಳೊಳಗೆ ಇಡೀ ಸೆಕ್ಷನ್ನು ಗೋಡೆಗೆ ಮುಖ ಮಾಡಿ ಕೂತಿತು; ಅದರಲ್ಲಿ ಒಬ್ಬರಿಗೆ ಬಡ್ತಿಯೂ ಬಂತು. ಎಡಗಡೆಯಿಂದ ಯಾರಾದರೂ ಏನಾದರೂ ಹೇಳಿದ್ದು ಕೇಳಿಸದೆ ಹೋದರೆ ಕೊಡುವುದಕ್ಕೆ ಎರಡು ಉತ್ತರಗಳನ್ನು ಇಟ್ಟುಕೊಂಡಿದ್ದ. ಸಾಧಾರಣ ಜನಕ್ಕೆ, “ನಾನೂ ಅದನ್ನೇ ಯೋಚಿಸ್ತಿದ್ದೆ.” ಸಂಗೀತದವರಿಗೆ, ಕಣ್ಣನ್ನು ಅರ್ಧ ಮುಚ್ಚಿ, “ಅದೇ ಇದರ ವಿಶೇಷ. ಕೇಳ್ತಾ ಕೇಳ್ತಾ ಗೊತ್ತಾಗುತ್ತೆ.” ಈ ಎರಡು ಮಾತಿನಿಂದ ಮೈಸೂರಿನಲ್ಲಿ ಒಬ್ಬ ಮನುಷ್ಯ ಎಷ್ಟು ದೂರ ಬೇಕಾದರೂ ಹೋಗಬಹುದೆಂದು ಅವನಿಗೆ ಮನವರಿಕೆಯಾಗಿತ್ತು.

ರಿಸೀವರನ್ನು ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ಮನೆಗೆ ತಂದಾಗ ತಾಯಿ ಸೋಮಮ್ಮ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. “ಇದ್ಕೆ ಹಾರನ್ ಎಲ್ಲಿ ಕಟ್ತಾರೆ ಮಗ?” “ಇದಕ್ಕೆ ಹಾರನ್ ಇಲ್ಲ ಕಣವ್ವ.” “ಅಂಗಾದ್ರೆ ಯಾರ್ಗೆ ಕೇಳಿಸ್ತದೆ?” “ನಮಗೆ ಮಾತ್ರ.” ಅಷ್ಟಕ್ಕೆ ಇಷ್ಟು ದುಡ್ಡೇ ಎನ್ನುವಂತೆ ಅವರು ಸೆರಗು ಸರಿಮಾಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದು, “ನಾಳೆ ಬರೋರು ನಮ್ಮನೇಲಿ ತಿಂದಾರಾ ಮಗ?” ಎಂದು ಕೇಳಿದರು. “ಊಟಕ್ಕಲ್ಲ ಕಣವ್ವ, ಬರೀ ತಿಂಡಿ.” “ತಿಂಡೀನೇ ಕಣಪ್ಪ ನಾನು ಕೇಳಿದ್ದು.” ನಾಗೇಂದ್ರನಿಗೆ ಸಿಟ್ಟು ಬಂತು, ಸಿಟ್ಟು ತಾಯಿಯ ಮೇಲಲ್ಲ ಎಂದು ಗೊತ್ತಿದ್ದರೂ ತಾಯಿಯ ಮೇಲೆಯೇ ರೇಗಿದ. ಕಾಲ ಬದಲಾಗಿದೆ, ಅವರೆಲ್ಲ ಓದಿದವರು ಎಂದ. ಸೋಮಮ್ಮ, “ಆಯ್ತು ಬುಡಪ್ಪ,” ಎಂದು ರವೆ ಹಸನು ಮಾಡಲು ಹೋದರು.

ಸಂಜೆ ತಂತಿಗಳನ್ನು ಜೋಡಿಸಿ, ಎರಡು ಸ್ಪೀಕರುಗಳನ್ನು ಶೋಕೇಸಿನ ಎರಡು ಪಕ್ಕದಲ್ಲಿಟ್ಟು, ಹಳೆಯ ಕಚೇರಿಯೊಂದನ್ನು ಹಾಕಿದ. ಬಾಸ್ ಬಂದಾಗ ಗೋಡೆಯಲ್ಲಿದ್ದ ಅಪ್ಪನ ಫೋಟೋದ ಗಾಜು ಝರ್ ಝರ್ ಎಂದಿತು. ಮೊದಲು ಕಾಗದ ಮಡಿಸಿ ಹಿಂದೆ ತುರುಕಿದ, ನಿಲ್ಲಲಿಲ್ಲ. ಕೊನೆಗೆ ಫೋಟೋವನ್ನು ಇಳಿಸಿ ಒಳಗೆ ಕೋಣೆಯ ಮಂಚದ ಮೇಲೆ ಅಂಗಾತ ಮಲಗಿಸಿ ಬಂದ. ಗೋಡೆಯಲ್ಲಿ ಅದಿದ್ದ ಜಾಗ ಚೌಕವಾಗಿ ಬೆಳ್ಳಗೆ ಉಳಿಯಿತು. ಆಮೇಲೆ ಮನೆಯಲ್ಲಿ ಯಾರೂ ಹತ್ತಿರವಿಲ್ಲದ್ದನ್ನು ನೋಡಿಕೊಂಡು ಬ್ಯಾಲೆನ್ಸ್ ಗುಂಡಿಯ ಮೇಲೆ ಕೈಯಿಟ್ಟ. ಪೂರ್ತಿ ಎಡಕ್ಕೆ ತಿರುಗಿಸಿದರೆ ಎಡಗಡೆಯ ಸ್ಪೀಕರು ಮಾತ್ರ ನುಡಿಯಬೇಕು, ಬಲಕ್ಕೆ ತಿರುಗಿಸಿದರೆ ಬಲಗಡೆಯದು. ಎಡಕ್ಕೆ ತಿರುಗಿಸಿದ: ಅದೇ ಹಾಡು. ಬಲಕ್ಕೆ: ಅದೇ ಹಾಡು. ಹೆಚ್ಚೆಂದರೆ ಒಂದಿಷ್ಟು ದೊಡ್ಡದು, ಒಂದಿಷ್ಟು ಸಣ್ಣದು. ಎಲ್ಲಿಂದ ಬರುತ್ತಿದೆ ಎನ್ನುವುದೇ ಇಲ್ಲ. ಹಿಂದೆ ಏಕಾಂತಯ್ಯನವರ ಹಾಲಿನಲ್ಲಿ ಮೃದಂಗ ಒಂದು ಮೂಲೆಯಲ್ಲಿ, ಪಿಟೀಲು ಇನ್ನೊಂದು ಮೂಲೆಯಲ್ಲಿ ಕೂತು, ನಡುವೆ ಹಾಡುವವರು ಗಂಟಲು ಸರಿಮಾಡಿಕೊಳ್ಳುವುದು ಕೂಡ ಇಂಥಲ್ಲಿಂದ ಎಂದು ತೋರಿಸುವಂತೆ ಕೇಳಿಸುತ್ತಿತ್ತು. ಅದು ಇನ್ನು ಬರುವುದಿಲ್ಲ. ಇಷ್ಟು ದಿನ ಹೆದರಿಕೆಯಿತ್ತು, ಇವತ್ತು ಮೊದಲ ಸಲ ದುಃಖವಾಯಿತು. ಅಷ್ಟರಲ್ಲಿ ಅಡಿಗೆಮನೆಯಿಂದ ಅನುಪಮಾ ತೆಂಗಿನಕಾಯಿ ಒಡೆದುಕೊಡಲು ಕರೆದಳು. ರಿಸೀವರನ್ನು ಆರಿಸಿ ಎದ್ದು ಹೋದ. ಬಲಕ್ಕೆ ತಿರುಗಿದ್ದ ಗುಂಡಿಯನ್ನು ಮಧ್ಯಕ್ಕೆ ತರುವುದು ಮರೆತೇಹೋಯಿತು.

ಭಾನುವಾರ ನಾಲ್ಕು ಗಂಟೆಗೆ ನಾಗಾರ್ಜುನನ ಕಾರಿನಲ್ಲಿ ಮೂವರೂ ಬಂದರು. ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕುಯ್ಯುತ್ತಿದ್ದವರಿಗೆ ನಾಗೇಂದ್ರ ಬೆಳಿಗ್ಗೆಯೇ ಹೋಗಿ ಕೈಮುಗಿದು ಎರಡು ಗಂಟೆ ರಜ ಕೊಡಿಸಿದ್ದರಿಂದ ಬೀದಿ ತಣ್ಣಗಿತ್ತು. “ಎಂಥ ಶಾಂತವಾದ ವಾತಾವರಣ!” ಎಂದ ಯೋಗೇಂದ್ರ. “ಗಾಳಿ ನೋಡಿ, ಗಾಳಿ,” ಎಂದ ನಾಗಾರ್ಜುನ. ಹಾಲ್ ಚೆನ್ನಾಗಿದೆ ಎಂದರು, ಕಿಟಕಿ ಚೆನ್ನಾಗಿದೆ ಎಂದರು, ನೀರು ಕುಡಿದು ನೀರು ಎಷ್ಟು ಸಿಹಿ ಎಂದರು, ನೀರು ಟ್ಯಾಂಕರಿನದಾಗಿತ್ತು. ಸೋಮಮ್ಮ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತು, ಮಗ ಕಣ್ಣಲ್ಲಿ ಬೇಡ ಬೇಡವೆನ್ನುತ್ತಿದ್ದರೂ, “ನಮ್ಮೆಜಮಾನ್ರೂ ಇದೇ ಕೆಲ್ಸ ಸೋಮಿ, ಮೈಕ್‌ಸೆಟ್ ಇಟ್ಟಿದ್ರು. ಏಳೂರಿಗೂ ಕೇಳ್ಸೋದು,” ಎಂದುಬಿಟ್ಟರು. ನಾಗೇಂದ್ರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಯಾರೂ ನಗಲಿಲ್ಲ. “ಓಹೋ! ಬಹಳ ಸಂತೋಷ. ಅದೂ ಒಂದು ದೊಡ್ಡ ಸೇವೆ,” ಎಂದ ಯೋಗೇಂದ್ರ, ಮುನ್ನುಡಿ ಓದುವ ದನಿಯಲ್ಲಿ. ನಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕೂರುವ ವ್ಯವಸ್ಥೆಯನ್ನು ನಾಗೇಂದ್ರ ಎರಡು ದಿನ ಲೆಕ್ಕ ಹಾಕಿದ್ದ: ತಾನು ಸೋಫಾದ ಎಡತುದಿಯಲ್ಲಿ, ಉಳಿದವರೆಲ್ಲ ಬಲಕ್ಕೆ. ಎಲ್ಲವೂ ಹಾಗೇ ಆಯಿತು, ಆದರೆ ಏಕಾಂತಯ್ಯನವರಿಗೆ ಸೋಫಾದಲ್ಲಿ ಬೆನ್ನು ನೋಯುತ್ತದೆಂದು ಸೋಮಮ್ಮ ಎಲ್ಲಿಂದಲೋ ಒಂದು ಕುರ್ಚಿ ತಂದು ಸರಿಯಾಗಿ ಅವನ ಎಡಪಕ್ಕಕ್ಕೆ ಹಾಕಿಕೊಟ್ಟರು. ಉಪ್ಪಿಟ್ಟು, ಕೇಸರಿಬಾತು ಬಂತು. ಈಗ ತಾನೇ ತಿಂದು ಹೊರಟದ್ದು ಎಂದ ಯೋಗೇಂದ್ರ, ಚಮಚದ ತುದಿಯಲ್ಲಿ ಎರಡು ಕಾಳು ರವೆ ಬಾಯಿಗಿಟ್ಟು ಅಮೃತ ಎಂದ. ನಾಗಾರ್ಜುನನಿಗೆ ಹಲ್ಲು ನೋವು. ಕೇಸರಿಬಾತಿನ ಬಣ್ಣವನ್ನು ಹೊಗಳಿದ. ಏಕಾಂತಯ್ಯನವರು ಒಬ್ಬರೇ ಏನೂ ಹೊಗಳದೆ ತಟ್ಟೆ ಖಾಲಿ ಮಾಡಿ, “ಚಟ್ನಿ ಇಲ್ವೇನಮ್ಮ?” ಎಂದು ಕೇಳಿ, ಚಟ್ನಿ ಬಂದ ಮೇಲೆ ಇನ್ನೊಂದು ಸಲ ಹಾಕಿಸಿಕೊಂಡರು. ನಾಗೇಂದ್ರ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅವನು ಎದ್ದು ಹೋಗಿ ರಿಸೀವರ್ ಹಾಕಿದ, ವಾಲ್ಯೂಮ್ ಗುಂಡಿಯನ್ನು ಮಾತ್ರ ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ, ಬಂದು ಕೂತು ಕಣ್ಣು ಮುಚ್ಚಿದ.

ಹಾಡು ಶುರುವಾಯಿತು. ಬಲಗಡೆಯ ಸ್ಪೀಕರು ನುಡಿಯಿತು, ಎಡಗಡೆಯದು ಶೋಕೇಸಿನ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಐದು ನಿಮಿಷದ ಮೇಲೆ ಯೋಗೇಂದ್ರ ಉಸಿರೆಳೆದು, “ಆಹಾ, ಏನು ಅಗಲ! ಎಡಗಡೆ ತಂಬೂರಿ ನೋಡಿ, ಮುಟ್ಟೋ ಹಾಗಿದೆ,” ಎಂದ. “ಕಚೇರೀಲಿ ಮುಂದಿನ ಸಾಲಲ್ಲಿ ಕೂತ ಹಾಗಿದೆ,” ಎಂದ ನಾಗಾರ್ಜುನ. ನಾಗೇಂದ್ರನ ಎದೆ ಹಗುರಾಯಿತು. ಎರಡನೆಯ ಹಾಡಿನ ನಡುವೆ ಏಕಾಂತಯ್ಯನವರು ಅವನ ಕಡೆಗೆ ಬಾಗಿದರು. ಅವರ ಶಲ್ಯ ಭುಜಕ್ಕೆ ತಗುಲಿದ್ದರಿಂದ ಕಣ್ಣು ತೆರೆದ. ಅವರ ತುಟಿ ಆಡಿ ನಿಲ್ಲುವುದು ಮಾತ್ರ ಕಂಡಿತು. ಏನೋ ಹೇಳಿದ್ದರು. ಈಗ ಕುತ್ತಿಗೆ ತಿರುಗಿಸಿ ಬಲಗಿವಿ ಕೊಟ್ಟರೆ ಎಂಟು ತಿಂಗಳ ಶ್ರಮ ಹಾಳು. ನಾಗೇಂದ್ರ ಕಣ್ಣನ್ನು ಅರ್ಧ ಮುಚ್ಚಿ ಮುಗುಳ್ನಕ್ಕ. “ಅದೇ ಇದರ ವಿಶೇಷ ಸಾರ್. ಕೇಳ್ತಾ ಕೇಳ್ತಾ ಗೊತ್ತಾಗುತ್ತೆ.” ಏಕಾಂತಯ್ಯನವರು ಹಿಂದಕ್ಕೆ ಸರಿದು ಅವನನ್ನೇ ಒಂದು ಗಳಿಗೆ ನೋಡಿದರು. ಮತ್ತೆ, ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಆ ಭಾನುವಾರ ಅವರು ಯಾರನ್ನೂ ಬೈಯಲಿಲ್ಲ.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನಲ್ಲಿ ನಿಂತಿದ್ದು ನಾಗೇಂದ್ರ ಗೆದ್ದವನಂತೆ ಒಳಗೆ ಬಂದ. ಅನುಪಮಾ ತಟ್ಟೆಗಳಲ್ಲಿ ಮಿಕ್ಕದ್ದನ್ನು ಒಂದಕ್ಕೆ ಸುರಿಯುತ್ತಿದ್ದಳು. ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ದಿನಕ್ಕೆ ಹತ್ತು ಕೇಂದ್ರಗಳ ಸುಳ್ಳು ಹಾಜರಿಯನ್ನು ಹಿಡಿಯುವವಳು ಅವಳು.

“ಅಲ್ಲಾ ರೀ, ಆ ಮೇಷ್ಟ್ರಿಗೆ ಯಾಕೆ ಹಂಗಂದ್ರಿ?”

“ಹೆಂಗಂದೆ?”

“ನೀರು ಕೊಡಕ್ಕೆ ಬಂದಾಗ ಕೇಳಿಸ್ಕೊಂಡೆ. ‘ಬ್ಯಾಲೆನ್ಸ್ ಪೂರ್ತಿ ಬಲಕ್ಕಿದೆ ಕಣ್ರೀ, ಎಡಗಡೇದು ನುಡೀತಾನೇ ಇಲ್ಲ, ಯಾರಿಗೂ ಗೊತ್ತಾಗ್ದಂಗೆ ಸರಿಮಾಡ್ಬಿಡಿ’ ಅಂತ ಎಷ್ಟು ಮೆತ್ತಗೆ ಹೇಳಿದ್ರು. ನೀವು ನೋಡಿದ್ರೆ ಅದೇ ಇದರ ವಿಶೇಷ ಅಂದ್ರಿ. ಪಾಪ, ಅವ್ರ ಮುಖ ಇಷ್ಟಾಯ್ತು.”

ನಾಗೇಂದ್ರ ರಿಸೀವರಿನ ಹತ್ತಿರ ಹೋಗಿ ನೋಡಿದ. ಗುಂಡಿಯ ಗೀಟು ಪೂರ್ತಿ ಬಲಕ್ಕೆ ವಾಲಿತ್ತು. ಸೋಫಾದ ಮೇಲೆ ಕೂತುಬಿಟ್ಟ. ಹಾಗಾದರೆ ಯೋಗೇಂದ್ರ ಮುಟ್ಟುವಂತಿದೆ ಎಂದ ತಂಬೂರಿ? ಒಂದೋ ಅವನಿಗೆ ಎರಡು ಕಿವಿಯಿದ್ದೂ ಕೇಳಿಸುವುದಿಲ್ಲ, ಇಲ್ಲವೇ ಕೇಳಿಸಿಯೂ, ಇಂಥ ಮನೆಯಲ್ಲಿ ಇಂಥವನಿಗೆ ತಪ್ಪು ಹೇಳಬಾರದೆಂಬ ಸೌಜನ್ಯ. ಮೊದಲನೆಯದಾಗಿರಲಿ ಎಂದು ಹಾರೈಸಿದ. ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದದ್ದು ಇನ್ನೊಂದು. ಮೂರು ವರ್ಷ ಕಾದ ಮಾತು ಅದು. ಹೊಗಳಿಕೆಯಲ್ಲ, ಸ್ನೇಹಿತ ಸ್ನೇಹಿತನಿಗೆ ಹೇಳುವ ತಪ್ಪು. ಅದನ್ನು ಏಕಾಂತಯ್ಯನವರು ಅವನ ಮಾನ ಉಳಿಸಲೆಂದು ಬಾಗಿ, ಪಿಸುದನಿಯಲ್ಲಿ, ಸತ್ತ ಕಿವಿಗೆ ಹೇಳಿದ್ದರು. ಅವನು ಅವರಿಗೆ ಉಪದೇಶ ಮಾಡಿ ಕಳಿಸಿದ್ದ. “ನಂಗೆ ಕೇಳಿಸ್ಲಿಲ್ಲ ಕಣೇ,” ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಸೀಟಿನ ಕೆಳಗಿನ ಚೀಟಿಯನ್ನೂ ತಂದುಕೊಟ್ಟ. ಅನುಪಮಾ ಚೀಟಿಯ ತಾರೀಖನ್ನು ಬಹಳ ಹೊತ್ತು ನೋಡಿದಳು. “ಎಂಟು ತಿಂಗಳಿಂದ ನಾನು ಆ ಪಕ್ಕದಲ್ಲೇ ಮಲಗಿ ಮಾತಾಡ್ತಿದ್ದೀನಿ. ಹ್ಞೂಂ ಹ್ಞೂಂ ಅಂತಿದ್ರಲ್ಲ.” “ಏನೇನು ಹೇಳಿದ್ದೆ?” “ಈಗ ಹೇಳಲ್ಲ ಹೋಗಿ,” ಎಂದು ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಸದ್ದು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು.

ಸೋಮವಾರ ಆಫೀಸಿಗೆ ಮುಂಚೆ ಸ್ಕೂಟರು ಕೃಷ್ಣಮೂರ್ತಿಪುರಂ ಕಡೆಗೆ ತಿರುಗಿತು. ದಾರಿಯುದ್ದಕ್ಕೂ ನಾಗೇಂದ್ರ ಹೇಳಬೇಕಾದ್ದನ್ನು ಜೋಡಿಸಿಕೊಂಡ, ರಾಮಕೃಷ್ಣನಗರ ಬರುವ ಹೊತ್ತಿಗೆ ಅದು ಕ್ಷಮಾಪಣೆಯಿಂದ ಮತ್ತೆ ಸಂಗೀತದ ಉಪನ್ಯಾಸವಾಗಿ ಮಾರ್ಪಟ್ಟಿತ್ತು. ಒಂದು ಕಿವಿಯ ಆಲಿಸುವಿಕೆಯ ಬಗ್ಗೆ ಒಂದು ಸಿದ್ಧಾಂತವನ್ನೇ ಕಟ್ಟಿಬಿಡಬಹುದಿತ್ತು, ಅವರು ನಂಬುತ್ತಿದ್ದರು ಕೂಡ. ಏಕಾಂತಯ್ಯನವರ ಮನೆಯ ಬಾಗಿಲು ತೆರೆದಿತ್ತು. ಅವರು ಬನಿಯನ್ನಿನಲ್ಲಿ, ಬಲಗಡೆಯ ಸ್ಪೀಕರಿಗೆ ಮೂಗು ತಗಲುವಷ್ಟು ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದರು. ಎಡಗಡೆಯದರ ಮೇಲೆ ಟವಲು ಒಣಗಲು ಹಾಕಿತ್ತು.

“ಬನ್ನಿ ನಾಗೇಂದ್ರ ಅವರೇ, ಬನ್ನಿ. ಬೆಳಿಗ್ಗೆ ಐದಕ್ಕೇ ಕೂತೆ. ನೀವು ಹೇಳಿದ ಹಾಗೇ ಒಂದು ಕಡೆ ಮಾತ್ರ ಬಿಟ್ಕೊಂಡು ಕೇಳ್ತಾ ಇದೀನಿ. ನನಗಿನ್ನೂ ಹತ್ತಲಿಲ್ಲ.” ಅವರ ದನಿ ಇಳಿದಿತ್ತು. “ನಿನ್ನೆ ಕಾರಲ್ಲಿ ಅವರಿಬ್ಬರಿಗೂ ಹೇಳಿದ್ದೆ. ರಾತ್ರಿ ಯೋಗೇಂದ್ರ ಫೋನ್ ಮಾಡಿದ್ದ. ಅವನೂ ಹಾಗೇ ಮಾಡಿದನಂತೆ, ಗಮಕ ಎಲ್ಲ ಬಿಚ್ಕೊಂಡು ಕಂಡಿತಂತೆ. ನಾಗಾರ್ಜುನ ನಿಮ್ಮ ರಿಸೀವರನ್ನೇ ತರಿಸ್ತಿದಾನೆ. ನಲವತ್ತು ವರ್ಷ ಕೇಳಿದೀನಿ ನಾನು. ತಪ್ಪು ಕೇಳ್ದೆ ಅಂತ ಈಗ ಹೇಗ್ ಹೇಳ್ಕೊಳ್ಳೋದು?”

ಸಿದ್ಧಾಂತ ನಾಲಗೆಯ ತುದಿಗೆ ಬಂದಿತ್ತು. ಇನ್ನೊಂದು ಮಾತು ಸೇರಿಸಿದರೆ ಸಾಕು, ಕೂಟವಿಡೀ ಅವನ ಕಿವಿಗೆ ಜೀವಮಾನವೆಲ್ಲ ಕೈಮುಗಿಯುತ್ತಿತ್ತು. ಆದರೆ ಆ ವಯಸ್ಸಾದ ಮನುಷ್ಯ ತಾನು ಕೇಳಿ ಸುಖಪಟ್ಟದ್ದನ್ನೆಲ್ಲ ಅನುಮಾನಿಸುತ್ತ ಸ್ಟೂಲಿನ ಮೇಲೆ ಕೂತಿದ್ದನ್ನು ನೋಡಿ ನಾಗೇಂದ್ರನಿಗೆ ತಡೆಯಲಾಗಲಿಲ್ಲ.

“ಸಾರ್, ನನ್ನ ಎಡಗಿವಿ ಕೇಳಿಸಲ್ಲ. ಎಂಟು ತಿಂಗಳಾಯ್ತು. ನಿನ್ನೆ ನೀವು ಹೇಳಿದ್ದು ನಂಗೆ ಕೇಳಿಸ್ಲೇ ಇಲ್ಲ. ಗುಂಡಿ ಬಲಕ್ಕಿದ್ದದ್ದೂ ಗೊತ್ತಿರ್ಲಿಲ್ಲ. ಬಾಯಿಗೆ ಬಂದದ್ದು ಅಂದ್ಬುಟ್ಟೆ. ಅರ್ತಿಂಗ್ ವಿಷಯಾನೂ ಅಷ್ಟೇ ಸಾರ್, ನಮ್ಮಪ್ಪನ ಮೈಕ್‌ಸೆಟ್ಟಲ್ಲಿ ಕಲ್ತಿದ್ದು.”

ಏಕಾಂತಯ್ಯನವರು ಎದ್ದು ಹಾಡು ನಿಲ್ಲಿಸಿದರು. ಈಗ ಅವರು ಪಾಪ ಎನ್ನುತ್ತಾರೆ, ಒಳ್ಳೆಯ ಡಾಕ್ಟರ ಹೆಸರು ಹೇಳುತ್ತಾರೆ, ಗೇಟಿನವರೆಗೂ ಬಂದು ಕಳಿಸಿಕೊಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದು ನಾಗೇಂದ್ರ ತಲೆ ತಗ್ಗಿಸಿದ.

“ಏನ್ರೀ ನಾಗೇಂದ್ರ, ಬುದ್ಧಿ ಇದ್ಯೇನ್ರೀ ನಿಮಗೆ!” ಕಿಟಕಿಯ ಗಾಜು ಅದುರುವಂತಿತ್ತು ದನಿ. “ಸಾರ್, ಈ ಕಿವಿ ಕೇಳಿಸಲ್ಲ, ಆ ಕಡೆ ಬಂದು ಕೂತ್ಕೊಳಿ ಅನ್ನಕ್ಕೆ ಏನ್ರೀ ಧಾಡಿ? ನಿದ್ದೆ ಕೆಟ್ಟು ಇಲ್ಲಿ ಕತ್ತೆ ಥರ ಗೋಡೆ ನೋಡ್ಕೊಂಡು ಕೂತಿದೀನಿ ನಾನು! ಇನ್ನು ಆ ಯೋಗೇಂದ್ರ, ಗಮಕ ಬಿಚ್ಕೊಂಡಿತಂತೆ, ಅವನ ತಲೆ! ಬರ್ಲಿ ಭಾನುವಾರ. ಮೈಕ್‌ಸೆಟ್ಟಲ್ಲಿ ಕಲ್ತಿದ್ರೆ ಕಲ್ತಿದ್ದು ಅಂತ ಬೊಗಳಬೇಕಪ್ಪ, ಹಾಗೇ ಬಂತಂತೆ, ಏನು ಋಷಿಗಳೇನ್ರೀ ನೀವು? ಮತ್ತೆ ಆ ರಿಸೀವರ್! ಎಲ್ಲಿಂದ ತಂದ್ರೀ ಅದನ್ನ? ಎರಡೂ ಕಡೆ ನುಡಿದಿದ್ರೂ ಅಷ್ಟೇ ಅದರ ಯೋಗ್ಯತೆ. ತಗಡು, ಶುದ್ಧ ತಗಡು! ನಾಲ್ಕು ತಿಂಗಳು ಓದಿ ತಂದದ್ದು ಇದನ್ನಾ? ಉಪ್ಪಿಟ್ಟು ತಿಂದ ಮನೆ ಅಂತ ನಿನ್ನೆ ಬಾಯಿ ಮುಚ್ಕೊಂಡಿದ್ದೆ…”

ಅವರು ಇನ್ನೂ ಬೈಯುತ್ತಲೇ ಇದ್ದರು. ನಾಗೇಂದ್ರನ ಕಣ್ಣು ತುಂಬಿ ಬಂತು. ಒಂದು ಮಾತೂ ತಪ್ಪಿಹೋಗಬಾರದೆಂದು ಅವನು ಇನ್ನೊಂದು ಹೆಜ್ಜೆ ಹತ್ತಿರ ಹೋಗಿ, ಬಲಗಿವಿಯನ್ನು ಅವರ ಕಡೆಗೆ ತಿರುಗಿಸಿ ನಿಂತುಕೊಂಡ.